ಖಾಯಂ ನಿಧಾನ ಕಲಿಕಾರ್ಥಿ

ಯಾವುದೇ ತರಗತಿಯಲ್ಲಿ ಜಾಣರು ಕೆಲವರು, ಸಾಧಾರಣರು ಬಹಳ ಮಂದಿ, ದಡ್ಡರು ಕೆಲವರು ಇರತಕ್ಕದ್ದು. ಇದು ಶೈಕ್ಷಣಿಕ ಮನೋವಿಜ್ಞಾನದ ಮೊದಲ ಘಟಕದಲ್ಲೇ ಇತ್ಯರ್ಥವಾಗಿರುವ ವಿಷಯ. ಪುಸ್ತಕದಲ್ಲಿ ಇದಕ್ಕೊಂದು ಚಿತ್ರವೂ ಇದೆ, ದೇವಸ್ಥಾನದ ಗಂಟೆಯನ್ನು ಬಿಚ್ಚಿ ನೆಲದ ಮೇಲೆ ಬೋರಲು ಇಟ್ಟ ಹಾಗೆ. ನಡುವಿನ ಉಬ್ಬಿನಲ್ಲಿ ಸಾಧಾರಣರು, ಬಲಗಡೆ ಅಂಚಿನಲ್ಲಿ ಜಾಣರು, ಎಡಗಡೆ ಅಂಚಿನಲ್ಲಿ ದಡ್ಡರು. ದಡ್ಡರಿಗೆ ಈಗ ಹಾಗೆ ಅನ್ನುವಂತಿಲ್ಲ, ‘ನಿಧಾನ ಕಲಿಕಾರ್ಥಿ’ ಎನ್ನಬೇಕು. ನಿಧಾನ ಕಲಿಕಾರ್ಥಿ ಇಲ್ಲದ ಕೋಣೆ ತರಗತಿಯಲ್ಲ, ಅದು ಬರೀ ಜನ ಕೂತಿರುವ ಜಾಗ.

ಗುಬ್ಬಿ ಪಟ್ಟಣದ ಹೊರಗೆ ಹೆದ್ದಾರಿ ಪಕ್ಕದಲ್ಲಿರುವ ಬೋಧಸಿಂಧು ಬಿ.ಎಡ್. ಕಾಲೇಜು ಮೊದಲು ಮದುವೆ ಛತ್ರವಾಗಿತ್ತು. ಗಂಡು ಹೆಣ್ಣು ಕೂರುತ್ತಿದ್ದ ವೇದಿಕೆಯ ಮೇಲೆ ಈಗ ಪ್ರಾಂಶುಪಾಲ ರೇವಣಸಿದ್ದಯ್ಯನವರ ಕುರ್ಚಿ. ಅಡುಗೆಮನೆ ಮನೋವಿಜ್ಞಾನ ಪ್ರಯೋಗಾಲಯವಾಗಿದೆ. ಎಲ್ಲ ಸೌಕರ್ಯವೂ ಇದ್ದ ಈ ಕಾಲೇಜಿಗೆ ಒಂದೇ ಒಂದು ಕೊರತೆ, ಮಕ್ಕಳದ್ದು. ಮೇಷ್ಟ್ರಾಗಲು ಓದುವವರು ಶಾಲೆಗೆ ಹೋಗಿ ಪಾಠ ಮಾಡಿ ಅಭ್ಯಾಸ ಮಾಡಬೇಕು ಎಂಬುದು ನಿಯಮ. ಆದರೆ ಸುತ್ತಮುತ್ತಲ ಶಾಲೆಗಳವರು ಇವರನ್ನು ಗೇಟಿನಲ್ಲೇ ತಡೆದರು. ‘ವರ್ಷ ವರ್ಷವೂ ನಿಮ್ಮವರು ಬಂದು ಜಲಚಕ್ರದ ಪಾಠ ಒಂದನ್ನೇ ಮಾಡಿ ಹೋಗುತ್ತಾರೆ. ನಮ್ಮ ಮಕ್ಕಳು ಈಗ ಮೋಡ ಕಂಡರೆ ಮುಖ ತಿರುಗಿಸುತ್ತವೆ’ ಎಂದರು.

ರೇವಣಸಿದ್ದಯ್ಯನವರು ಒಂದು ರಾತ್ರಿ ಯೋಚಿಸಿ ಬೆಳಗ್ಗೆ ಆದೇಶ ಹೊರಡಿಸಿದರು:

‘ಮಕ್ಕಳ ಅಲಭ್ಯತೆಯ ಹಿನ್ನೆಲೆಯಲ್ಲಿ, ಇನ್ನು ಮುಂದೆ ಪ್ರಶಿಕ್ಷಣಾರ್ಥಿಗಳಲ್ಲಿ ಸರದಿಯಂತೆ ಒಬ್ಬರು ಶಿಕ್ಷಕರಾಗಿಯೂ ಉಳಿದ ಸಮಸ್ತರು ಏಳನೇ ತರಗತಿ ಎ ವಿಭಾಗದ ಮಕ್ಕಳಾಗಿಯೂ ಇರತಕ್ಕದ್ದು. ಮಕ್ಕಳು ಪರಸ್ಪರ ಭಿನ್ನವಾಗಿರತಕ್ಕದ್ದು. ಭಿನ್ನತೆಗಳನ್ನು ಕಚೇರಿಯಿಂದ ಹಂಚಲಾಗುವುದು. ಹಂಚಿದ ಮೇಲೆ ಬದಲಾಯಿಸಿಕೊಡಲಾಗುವುದಿಲ್ಲ.’

ಹಂಚಿಕೆ ನ್ಯಾಯವಾಗಿಯೇ ನಡೆಯಿತು. ಪ್ರತಿಭಾವಂತರ ಸ್ಥಾನಗಳು ಆಡಳಿತ ಮಂಡಳಿಯ ಕೋಟಾಕ್ಕೆ ಸೇರಿದವು. ಅವುಗಳಲ್ಲಿ ಮೊದಲನೆಯದು ಕುಣಿಗಲ್ಲಿನ ರಂಗನಾಥ್‌ಗೆ ಸಿಕ್ಕಿತು. ಅವನು ಮಂಡಳಿಯ ಕಾರ್ಯದರ್ಶಿಗಳ ಹೆಂಡತಿಯ ತಮ್ಮ. ಹಾಗಲವಾಡಿಯ ದ್ಯಾವಪ್ಪ, ನಲವತ್ತು ದಾಟಿದ ದೊಡ್ಡ ಮೀಸೆಯ ಮನುಷ್ಯ, ‘ತುಂಟ ಮಗು’ ಆದ. ದಿನಕ್ಕೊಮ್ಮೆ ಮುಂದಿನ ಬೆಂಚಿನವರ ಜಡೆ ಎಳೆಯುವುದು ಅವನ ಪಾಲಿಗೆ ಬಂತು. ಉಳಿದವರನ್ನೆಲ್ಲ ಸಾಧಾರಣ ಎಂದು ಬರೆದುಕೊಂಡರು. ನಿಧಾನ ಕಲಿಕಾರ್ಥಿಯ ಸ್ಥಾನ ಮಾತ್ರ ಖಾಲಿ ಉಳಿದಿತ್ತು. ಯಾರೂ ಅರ್ಜಿ ಹಾಕಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ದೀಪಿಕಾ ಏದುಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತಳು.

ದೀಪಿಕಾ ತುಮಕೂರಿನವಳು. ಲೆಕ್ಕದಲ್ಲಿ ಬಿ.ಎಸ್ಸಿ. ಮಾಡಿ, ಮದುವೆಯಾಗಿ, ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ಬಲ್ಬ್ ಪ್ಯಾಕ್ ಮಾಡುತ್ತಿದ್ದಳು. ಮಗಳು ಅನನ್ಯ ಓದುವ ಶಾಲೆಯವರು ಒಂದು ದಿನ, “ಬಿ.ಎಡ್. ಒಂದು ಪಾಸ್ ಮಾಡ್ಕೊಂಡ್ ಬನ್ನಿ, ಆಮೇಲೆ ನಮ್ ಮ್ಯಾಥ್ಸ್ ಮೇಡಂ ನೀವೇ” ಎಂದಿದ್ದರು. ಅವಳು ಬಲ್ಬನ್ನು ಕೆಳಗಿಟ್ಟು ಬಂದುಬಿಟ್ಟಳು. ಕರಿಹಲಗೆಯ ಮುಂದೆ ನಿಂತು ಒಂದು ಲೆಕ್ಕ ಬಿಡಿಸಿ ಮಕ್ಕಳ ಕಡೆ ತಿರುಗುವುದು, ಅಷ್ಟೇ ಅವಳಿಗೆ ಬೇಕಾಗಿದ್ದು. ಅದಕ್ಕಾಗಿ ದಿನಾ ಬೆಳಗ್ಗೆ ಅನನ್ಯಳಿಗೆ ಜಡೆ ಹೆಣೆದು, ಡಬ್ಬಿ ಕಟ್ಟಿ, ಅತ್ತೆಗೆ ಕಾಫಿ ಇಟ್ಟು, ಫ್ರೀ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಗುಬ್ಬಿಗೆ ಬರುತ್ತಿದ್ದಳು. ಅವತ್ತು ಬಸ್ಸಿನಲ್ಲಿ ಆ ಒಂದು ಕಾಲಿಗೂ ಜಾಗ ಇರಲಿಲ್ಲ. ಮುಂದಿನ ಬಸ್ಸು ಹಿಡಿಯಬೇಕಾಯಿತು.

ಮನೋವಿಜ್ಞಾನದ ಉಪನ್ಯಾಸಕ ಲಕ್ಷ್ಮೀಕಾಂತ್ ಸರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಯಾಕ್ ಲೇಟು?”

“ಬಸ್ ರಶ್ ಇತ್ತು ಸರ್.”

“ಬಸ್ ರಶ್ ಇರೋದು ಪರಿಸರ. ನೀವು ಲೇಟಾಗಿ ಬಂದಿರೋದು ಸಿದ್ಧತೆಯ ಕೊರತೆ. ಸಿದ್ಧತೆ ಇಲ್ಲದವನು ಕಲಿಯಲಾರ, ಇದು ಕಲಿಕೆಯ ಮೊದಲನೇ ನಿಯಮ.” ಪ್ರಾಂಶುಪಾಲರ ಕಡೆ ತಿರುಗಿ, “ಸಿಕ್ಕರು ಸರ್” ಎಂದರು.

ಹೀಗೆ ದೀಪಿಕಾ ನಿಧಾನ ಕಲಿಕಾರ್ಥಿಯಾಗಿ ನೇಮಕಗೊಂಡಳು. ಅವಳ ಕೈಗೆ ಕರ್ತವ್ಯಗಳ ಚೀಟಿ ಕೊಟ್ಟರು. ಪ್ರಶ್ನೆ ಕೇಳಿದ ಕೂಡಲೇ ಕಿಟಕಿಯ ಕಡೆ ನೋಡುವುದು. ಉತ್ತರ ಗೊತ್ತಿದ್ದಲ್ಲಿ ಪೆನ್ನಿನ ಕ್ಯಾಪ್ ಕಚ್ಚುವುದು. ಎರಡನೇ ಸಲ ಕೇಳಿದಾಗ ಪಕ್ಕದವರನ್ನು ನೋಡುವುದು. ಪರಿಹಾರ ಬೋಧನೆ, ಅಂದರೆ ಹಿಂದುಳಿದವರಿಗೆ ಮತ್ತೊಮ್ಮೆ ಬಿಡಿಸಿ ಹೇಳುವುದು, ಮುಗಿದ ತಕ್ಷಣ ಮುಖದಲ್ಲಿ ಬೆಳಕು ಮೂಡುವುದು. ಮುಂದಿನ ಪೀರಿಯಡ್‌ನ ಗಂಟೆ ಹೊಡೆಯುವಷ್ಟರಲ್ಲಿ ಕಲಿತದ್ದನ್ನು ಪೂರ್ತಿ ಮರೆಯುವುದು.

“ಮರೆಯೋದು ಯಾಕೆ ಸರ್?” ಎಂದಳು ದೀಪಿಕಾ.

“ಒಬ್ಬೊಬ್ಬ ಪ್ರಶಿಕ್ಷಣಾರ್ಥಿಯೂ ಒಂದು ನಿಧಾನ ಕಲಿಕಾರ್ಥಿಯನ್ನ ಮೇಲಕ್ಕೆತ್ತಬೇಕಮ್ಮ. ಅದಕ್ಕೆ ಅಂಕ ಇದೆ. ಇರೋಳು ನೀನೊಬ್ಬಳೇ. ಒಬ್ಬರು ಎತ್ತಿದ ಮೇಲೆ ನೀನು ಕೆಳಗೆ ಬರದೇ ಇದ್ರೆ ಇನ್ನೊಬ್ಬರು ಏನನ್ನ ಎತ್ತಬೇಕು?” ಎಂದರು ಲಕ್ಷ್ಮೀಕಾಂತ್ ಸರ್.

ದೀಪಿಕಾ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮೊದಲನೇ ದಿನವೇ ಅವಳಿಂದ ದುರ್ನಡತೆಯಾಯಿತು. ಸಾಧಾರಣ ಮಗುವೊಂದು ಅವತ್ತು ಶಿಕ್ಷಕಿಯಾಗಿ ಮಗ್ಗಿಯ ಪಾಠ ಮಾಡುತ್ತಿತ್ತು. “ಏಳೆಂಟ್ಲ ಎಷ್ಟು?” ಎಂದು ಕೇಳಿತು. ಪ್ರತಿಭಾವಂತ ರಂಗನಾಥ್ ಎದ್ದು, ಶರ್ಟಿನ ಕಾಲರ್ ಸರಿಮಾಡಿಕೊಂಡು, “ಐವತ್ನಾಲ್ಕು” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ದೀಪಿಕಾಳ ಬಾಯಿ ಕಾಯಲಿಲ್ಲ. “ಐವತ್ತಾರು!” ಎಂದುಬಿಟ್ಟಳು.

ದ್ಯಾವಪ್ಪ ಎಳೆಯುತ್ತಿದ್ದ ಜಡೆಯನ್ನು ಹಾಗೇ ಹಿಡಿದುಕೊಂಡು ನಿಂತ.

ಲಕ್ಷ್ಮೀಕಾಂತ್ ಸರ್ ಎದ್ದುನಿಂತರು. “ದೀಪಿಕಾ, ಕಿಟಕಿ ಎಲ್ಲಿದೆ?”

“ಅಲ್ಲಿ ಸರ್.”

“ಮತ್ತೆ?”

“ಸರ್, ಆದ್ರೆ ಏಳೆಂಟ್ಲ ಐವತ್ತಾರೇ ಅಲ್ವಾ?”

“ಇರಬಹುದಮ್ಮ. ಆದ್ರೆ ಪ್ರತಿಭಾವಂತರು ತಪ್ಪು ಹೇಳಿ ನಿಧಾನ ಕಲಿಕಾರ್ಥಿ ಸರಿ ಹೇಳಿದ್ರೆ ಈ ರೇಖೆ ಏನಾಗ್ಬೇಕು?” ಅವರು ಗೋಡೆಯ ಮೇಲಿನ ಗಂಟೆಯ ಚಿತ್ರ ತೋರಿಸಿದರು. “ತಲೆಕೆಳಗಾಗಲ್ವಾ? ಗಂಟೆ ತಲೆಕೆಳಗಾದ್ರೆ ಅದು ಗಂಟೇನಾ? ಬೋಗುಣಿ ಆಗುತ್ತೆ.”

ಮರುದಿನ ಸೂಚನಾ ಫಲಕದ ಮೇಲೆ ತಿದ್ದುಪಡಿ ಬಂತು: ‘ಪ್ರತಿಭಾವಂತರ ಉತ್ತರವನ್ನು ಸರಿಯುತ್ತರವೆಂದು ಪರಿಗಣಿಸತಕ್ಕದ್ದು.’ ಅಂದಿನಿಂದ ಬೋಧಸಿಂಧುವಿನಲ್ಲಿ ಏಳೆಂಟ್ಲ ಐವತ್ನಾಲ್ಕು ಆಯಿತು. ಅದರಿಂದ ಯಾರಿಗೂ ಏನೂ ತೊಂದರೆಯಾಗಲಿಲ್ಲ. ಕ್ಯಾಂಟೀನಿನವನು ಮಾತ್ರ ಏಳು ರೂಪಾಯಿಯ ಟೀಯನ್ನು ಎಂಟು ಜನ ಕುಡಿದಾಗ ಸ್ವಲ್ಪ ಗೊಣಗುತ್ತಿದ್ದ.

ದುರ್ನಡತೆಯ ಕಾರಣಕ್ಕೆ ದೀಪಿಕಾಳ ಪೋಷಕರನ್ನು ಕರೆಸಲಾಯಿತು. ಗಂಡ ಚನ್ನೇಶ್‌ಗೆ ಶಿಫ್ಟ್ ಇತ್ತು, “ನೀನೇ ಹೋಗ್ಬಾರವ್ವ” ಎಂದು ತಾಯಿಯನ್ನು ಕಳಿಸಿದ. ಅತ್ತೆ ಪುಟ್ಟತಾಯಮ್ಮ ರೇಷ್ಮೆ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬಂದು ವೇದಿಕೆಯ ಮುಂದೆ ಕೂತರು. ಹಿಂದೆ ಇದೇ ಛತ್ರದಲ್ಲಿ ಮೂರು ಮದುವೆ ಊಟ ಮಾಡಿದ್ದವರು. ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ಒಂದು ಸಲ ನೋಡಿದರು.

“ನಿಮ್ ಸೊಸೆ ನಿಧಾನವಾಗಿ ಕಲೀತಾರೆ” ಎಂದರು ಲಕ್ಷ್ಮೀಕಾಂತ್ ಸರ್.

“ಯಾವಳು, ಇವಳಾ? ಅಂಗಡಿಯವ್ನು ಒಂದ್ ರೂಪಾಯಿ ಕಮ್ಮಿ ಕೊಟ್ರೆ ಬಸ್‌ಸ್ಟಾಂಡಿಂದ ವಾಪಸ್ ಬತ್ತಳೆ ಸಾ.”

“ಮನೆಯಲ್ಲಿ ಕಲಿಕೆಗೆ ಬೇಕಾದ ಪರಿಸರ ಇದೆಯಾ?”

“ಫ್ರಿಜ್ ಐತೆ, ಟೀವಿ ಐತೆ, ಮೊನ್ನೆ ವಾಷಿಂಗ್ ಮಿಷಿನ್ನೂ ಬಂತು. ಇನ್ನೆಂತಾ ಪರಿಸರ ಬೇಕು ನಿಮಗೆ?” ಪುಟ್ಟತಾಯಮ್ಮನಿಗೆ ರೇಗಿತು. “ಅಲ್ಲ ಸಾ, ನನ್ ಸೊಸೆ ದಡ್ಡಿ ಅಂತ ಹೇಳೋದಿದ್ರೆ ನಾನ್ ಹೇಳ್ಬೇಕು. ನೀವ್ಯಾರು ಹೇಳಕೆ?”

ರೇವಣಸಿದ್ದಯ್ಯನವರು ನಡುವೆ ಬಂದು ಸಮಾಧಾನ ಮಾಡಿದರು. ಇದು ಬೈಗುಳವಲ್ಲ, ಹುದ್ದೆ, ಇಡೀ ಕಾಲೇಜಿಗೆ ಒಬ್ಬರೇ ಎಂದು ತಿಳಿಸಿ, ಮೊಹರು ಒತ್ತಿದ ಒಂದು ಪತ್ರ ಬರೆಸಿಕೊಟ್ಟರು. ಪುಟ್ಟತಾಯಮ್ಮ ಅದನ್ನು ಎರಡು ಸಲ ಓದಿಸಿ ಕೇಳಿದರು. ಕೋಪ ಇಳಿಯಿತು. ತುಮಕೂರಿನ ಅವರ ಬೀದಿಯಲ್ಲಿ ಸೊಸೆಗೆ ಬುದ್ಧಿಯಿಲ್ಲ ಎಂದು ಬಾಯಲ್ಲಿ ಹೇಳುವ ಅತ್ತೆಯರು ಮನೆಗೊಬ್ಬರಿದ್ದರು. ಮೊಹರಿನ ಸಮೇತ ಬರಹದಲ್ಲಿ ಪಡೆದವರು ಅವರೊಬ್ಬರೇ ಆದರು. ಆ ಸಂಜೆ ಪತ್ರ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೋಗಿ ಬಂತು. ಪಕ್ಕದ ಮನೆಯ ಕಮಲಮ್ಮ, “ನಮ್ಮವಳಿಗೂ ಒಂದು ಸಿಕ್ತದಾ ಕೇಳಿ ಅಕ್ಕಾ” ಎಂದರು.

ದಿನಗಳು ಕಳೆದಂತೆ ದೀಪಿಕಾಳ ಬೆಲೆ ಏರಿತು. ಅವಳಿಗೆ ಅರ್ಥವಾದರೆ ಪಾಠ ಮಾಡಿದವರಿಗೆ ಅಂಕ; ಅವಳಿಗೆ ಅರ್ಥವಾಗದಿದ್ದರೆ ಅವರ ಕಥೆ ಮುಗಿಯಿತು. ಹೀಗಾಗಿ ಪಾಠದ ಹಿಂದಿನ ದಿನವೇ ಪ್ರಶಿಕ್ಷಣಾರ್ಥಿಗಳು ಅವಳನ್ನು ಕಾಣಲು ಬರತೊಡಗಿದರು. ಒಬ್ಬಳು ಒಬ್ಬಟ್ಟು ತಂದಳು, ಇನ್ನೊಬ್ಬಳು ಹಲಸಿನಹಣ್ಣಿನ ತೊಳೆ, ದ್ಯಾವಪ್ಪ ತೋಟದಿಂದ ಎಳನೀರು.

“ಅಕ್ಕಾ, ನಾಳೆ ನಂದು ಜಲಚಕ್ರ. ಆವಿ ಅನ್ನೋವಾಗ ಅರ್ಥ ಆಗ್ಬಿಡ್ಲಿ. ಮೋಡದವರೆಗೂ ಕಾಯ್ಬೇಡಿ, ನನಗೆ ಅಲ್ಲಿ ತೊದಲುತ್ತೆ.”

“ಆಯ್ತು ಕಣೇ.”

ಪ್ರಬಲನ ತತ್ವದ ಪ್ರಕಾರ ಸರಿಯುತ್ತರಕ್ಕೆ ಒಂದು ಚಾಕೊಲೇಟ್ ಕೊಡಬೇಕಾಗಿತ್ತು. ದಿನಕ್ಕೆ ಅಷ್ಟೂ ಪೀರಿಯಡ್‌ಗಳಲ್ಲಿ ಜಲಚಕ್ರ ಕಲಿತು, ಅಷ್ಟೂ ಸಲ ಮರೆತು, ದೀಪಿಕಾ ಚೀಲದ ತುಂಬ ಚಾಕೊಲೇಟ್ ತರುತ್ತಿದ್ದಳು. ಅನನ್ಯಳ ಹಲ್ಲು ಹುಳುಕಾಯಿತು. ಗಂಟೆ ಹೊಡೆದ ಕೂಡಲೇ ಮರೆಯುವ ಅಭ್ಯಾಸ ಎಷ್ಟು ಗಟ್ಟಿಯಾಯಿತೆಂದರೆ, ಬೀದಿಯಲ್ಲಿ ಐಸ್‌ಕ್ರೀಂನವನು ಗಂಟೆ ಅಲ್ಲಾಡಿಸಿಕೊಂಡು ಹೋದರೆ ಅವಳು ಒಲೆಯ ಮೇಲೆ ಹಾಲಿಟ್ಟದ್ದನ್ನು ಮರೆಯುತ್ತಿದ್ದಳು. ಲಕ್ಷ್ಮೀಕಾಂತ್ ಸರ್ ಇದನ್ನು ಕೇಳಿ ಬಹಳ ಸಂತೋಷಪಟ್ಟರು. ‘ಕಲಿಕೆಯ ವರ್ಗಾವಣೆ’ ಎಂಬ ಅಧ್ಯಾಯಕ್ಕೆ ಒಂದು ಉದಾಹರಣೆ ಬೇಕಾಗಿತ್ತಂತೆ.

ಎರಡನೇ ವರ್ಷವೂ ಕೊನೆಯಾಗುತ್ತ ಬಂತು. ಪಾಸಾಗಬೇಕಾದರೆ ಪ್ರತಿಯೊಬ್ಬರೂ ಪರೀಕ್ಷಕರ ಮುಂದೆ ಒಂದು ಅಂತಿಮ ಪಾಠ ಮಾಡಬೇಕು. ಎಲ್ಲರ ಹೆಸರೂ ಫಲಕದ ಮೇಲೆ ಬಂತು, ದೀಪಿಕಾಳದ್ದು ಬರಲಿಲ್ಲ. ಅವಳು ವೇದಿಕೆ ಹತ್ತಿ ಪ್ರಾಂಶುಪಾಲರ ಮುಂದೆ ನಿಂತಳು.

“ಸರ್, ನನ್ನ ಅಂತಿಮ ಪಾಠ?”

ರೇವಣಸಿದ್ದಯ್ಯನವರಿಗೆ ಆಶ್ಚರ್ಯವಾಯಿತು. “ನೀವು ನಿಧಾನ ಕಲಿಕಾರ್ಥಿ ಅಲ್ವೇನಮ್ಮ? ನಿಧಾನ ಕಲಿಕಾರ್ಥಿ ಪಾಠ ಮಾಡಕ್ಕೆ ನಿಂತ್ರೆ ಪೋಷಕರು ಏನ್ ಅಂದ್ಕೋತಾರೆ?”

“ಪೋಷಕರು ಅಂದ್ರೆ ನಮ್ಮತ್ತೆ ಸರ್.”

“ಅವರೇ.”

“ಸರ್, ಅದು ನೀವೇ ಕೊಟ್ಟಿದ್ದು. ನನಗೆ ಕೆಲಸ ಕಾದಿದೆ ಸರ್. ಇರೋ ಕೆಲಸ ಬಿಟ್ ಬಂದಿದೀನಿ.”

ದೀಪಿಕಾಳ ಕಣ್ಣಲ್ಲಿ ನೀರು ಬಂತು. ಪ್ರಾಂಶುಪಾಲರು ಕರುಣೆಯುಳ್ಳವರು. ಒಂದು ದಾರಿ ತೋರಿಸಿದರು. ಪರೀಕ್ಷೆ ಬರೆದು ‘ಸಾಧಾರಣ’ಕ್ಕೆ ಬಡ್ತಿ ಪಡೆಯಬಹುದು, ಬಡ್ತಿಯಾದ ಮೇಲೆ ಪಾಠ ಮಾಡಬಹುದು. ದೀಪಿಕಾ ಅವತ್ತೇ ಪರೀಕ್ಷೆ ಬರೆದಳು. ನೂರಕ್ಕೆ ನೂರು ಬಂತು.

ಇದರಿಂದ ಸಮಸ್ಯೆ ಹೆಚ್ಚಿತು. ಸಾಧಾರಣಕ್ಕೆ ಅರವತ್ತರ ಒಳಗೆ ಬರಬೇಕಾಗಿತ್ತು. ನೂರು ಎಂದರೆ ಪ್ರತಿಭಾವಂತ. ಪ್ರತಿಭಾವಂತರ ಸ್ಥಾನಗಳು ಭರ್ತಿಯಾಗಿದ್ದವು. ಮೇಲಾಗಿ ಮುಂದಿನ ಸೋಮವಾರ ಮೇಲಿನಿಂದ ತಪಾಸಣಾ ಸಮಿತಿ ಬರುವುದಿತ್ತು. ಅವರು ಬಂದಾಗ ತರಗತಿಯಲ್ಲಿ ನಿಧಾನ ಕಲಿಕಾರ್ಥಿ ಇಲ್ಲದಿದ್ದರೆ ಎಲ್ಲರ ಪರಿಹಾರ ಬೋಧನೆಯ ಅಂಕಗಳೂ ಸುಳ್ಳೆಂದಾಗುತ್ತಿದ್ದವು. ಮಾನ್ಯತೆ ಹೋದರೆ ಕಟ್ಟಡ ಮತ್ತೆ ಛತ್ರವಾಗುತ್ತದೆ ಎಂದು ಕಾರ್ಯದರ್ಶಿಗಳು ಫೋನಿನಲ್ಲಿ ಎಚ್ಚರಿಸಿದರು. ಆಗಲೇ ಒಂದು ಆರತಕ್ಷತೆಗೆ ಯಾರೋ ವಿಚಾರಿಸಿಕೊಂಡು ಹೋಗಿದ್ದರಂತೆ.

ಸಹಪಾಠಿಗಳೆಲ್ಲ ದೀಪಿಕಾಳನ್ನು ಸುತ್ತುವರಿದರು.

“ಅಕ್ಕಾ, ನಿಮ್ ಕಾಲಿಗ್ ಬೀಳ್ತೀನಿ, ಸೋಮವಾರದವರೆಗೂ ಏನೂ ಅರ್ಥ ಮಾಡ್ಕೋಬೇಡಿ.”

“ನಿಮಗೆ ಬೇಕಾದ್ರೆ ಮಂಗಳವಾರ ಬೆಳಗ್ಗೇನೇ ಎಲ್ಲಾ ಅರ್ಥ ಆಗ್ಲಿ.”

ದ್ಯಾವಪ್ಪ ಮೀಸೆ ನೀವುತ್ತ ಮುಂದೆ ಬಂದ. “ಮೇಡಂ, ನಂದ್ ನೋಡಿ. ನನ್ ಮಗಳು ಪಿಯುಸಿ ಓದ್ತವ್ಳೆ. ನಾನಿಲ್ಲಿ ಹೆಣ್ಮಕ್ಕಳ ಜಡೆ ಎಳೀತಾ ಕೂತಿದೀನಿ. ಒಂದೊಂದ್ ಸಲಾನೂ ಎಳ್ದು, ಸಾರಿ ತಂಗಿ, ಡ್ಯೂಟಿ, ಅಂತೀನಿ. ಎಲ್ರೂ ಮಾಡ್ತಿಲ್ವಾ? ಇನ್ನೊಂದ್ ವಾರ ದಡ್ಡಿಯಾಗಿರಿ. ಏನ್ ಮಹಾ.”

ದೀಪಿಕಾಳ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಸಮಿತಿಯವರು ಹೊರಗಿನವರು, ದೊಡ್ಡವರು, ಓದಿದವರು. ಅವರ ಎದುರಿಗೆ ಒಂದೇ ಒಂದು ಸಲ ಸರಿಯುತ್ತರ ಹೇಳಿಬಿಟ್ಟರೆ ಸಾಕು. ಅವರಿಗಾದರೂ ಗೊತ್ತಾಗುತ್ತದೆ. ಅವರೇ ಪಾಠ ಮಾಡಿಸುತ್ತಾರೆ.

ಸೋಮವಾರ ಸಮಿತಿ ಬಂತು. ಮೂವರಿದ್ದರು. ಬೆಳಗ್ಗೆ ದೇವರಾಯನದುರ್ಗಕ್ಕೆ ಹೋಗಿ ದರ್ಶನ ಮುಗಿಸಿ ಬಂದದ್ದರಿಂದ ಹಣೆಯಲ್ಲಿ ಕುಂಕುಮವಿತ್ತು, ಊಟವಾದದ್ದರಿಂದ ಕಣ್ಣಲ್ಲಿ ನಿದ್ದೆಯಿತ್ತು. ಅಧ್ಯಕ್ಷರಾದ ವೆಂಕಟೇಶಯ್ಯನವರು ತಾವೇ ಪ್ರಶ್ನೆ ಕೇಳುವುದಾಗಿ ಹೇಳಿದರು. ಏನು ಕೇಳುವುದೆಂದು ಯೋಚಿಸಿ, ಕರಿಹಲಗೆಯ ಮೇಲಿದ್ದ ಮಗ್ಗಿಯನ್ನೇ ನೋಡಿ, “ಏಳೆಂಟ್ಲ?” ಎಂದರು.

ರಂಗನಾಥ್ ಎದ್ದು ಕಾಲರ್ ಸರಿಮಾಡಿಕೊಂಡ. “ಐವತ್ನಾಲ್ಕು ಸರ್.”

“ಇವರು ಪ್ರತಿಭಾವಂತರು ಸರ್” ಎಂದರು ಲಕ್ಷ್ಮೀಕಾಂತ್.

“ಗೊತ್ತಾಗುತ್ತೆ, ಗೊತ್ತಾಗುತ್ತೆ” ಎಂದರು ಅಧ್ಯಕ್ಷರು. ಸಾಧಾರಣರನ್ನು ಕೇಳಿದರು. ಸಾಧಾರಣರು ಒಕ್ಕೊರಲಿನಿಂದ ಐವತ್ನಾಲ್ಕು ಎಂದರು. “ನಿಮ್ಮ ನಿಧಾನ ಕಲಿಕಾರ್ಥಿ ಎಲ್ಲಿ?”

ದೀಪಿಕಾ ಎದ್ದು ನಿಂತಳು. ಇಡೀ ತರಗತಿ ಕಿಟಕಿಯ ಕಡೆ ಕಣ್ಸನ್ನೆ ಮಾಡಿತು. ಅವಳು ಕಿಟಕಿ ನೋಡಲಿಲ್ಲ. ಪೆನ್ನಿನ ಕ್ಯಾಪ್ ಕಚ್ಚಲಿಲ್ಲ. ಅಧ್ಯಕ್ಷರ ಮುಖವನ್ನೇ ನೆಟ್ಟಗೆ ನೋಡಿ, ಗಂಟಲು ಬಿಚ್ಚಿ ಹೇಳಿದಳು.

“ಐವತ್ತಾರು ಸರ್. ಏಳು ಎಂಟ್ಲ ಐವತ್ತಾರು. ಬೇಕಾದ್ರೆ ಬೋರ್ಡ್ ಮೇಲೆ ಮಾಡಿ ತೋರಿಸ್ತೀನಿ.”

ರೇವಣಸಿದ್ದಯ್ಯನವರು ಕುರ್ಚಿ ಹಿಡಿದುಕೊಂಡರು. ಸಮಿತಿಯ ಸದಸ್ಯರೊಬ್ಬರು ಮೆಲ್ಲಗೆ ಮೊಬೈಲ್ ತೆಗೆದು ಮೇಜಿನ ಕೆಳಗೆ ಏನೋ ಒತ್ತಿದರು. ಬಂದ ಉತ್ತರವನ್ನು ನೋಡಿದರು. ಗೋಡೆಯ ಮೇಲಿನ ಗಂಟೆಯ ಚಿತ್ರವನ್ನು ನೋಡಿದರು. ತಮ್ಮನ್ನು ವಾಪಸ್ ಬಿಡಲು ಹೊರಗೆ ಕಾಯುತ್ತಿದ್ದ ಕಾರ್ಯದರ್ಶಿಗಳ ಕಾರನ್ನೂ, ಅದರ ಡಿಕ್ಕಿಗೆ ಹಾಕುತ್ತಿದ್ದ ತೆಂಗಿನಕಾಯಿ ಮೂಟೆಗಳನ್ನೂ ನೋಡಿದರು. ಮೊಬೈಲನ್ನು ಜೇಬಿಗೆ ಹಾಕಿಕೊಂಡು, “ಚಾರ್ಜ್ ಇಲ್ಲ” ಎಂದರು.

ಅಧ್ಯಕ್ಷ ವೆಂಕಟೇಶಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು.

“ಎಷ್ಟೋ ಕಾಲೇಜು ನೋಡಿದೀನಿ. ಎಲ್ಲಾ ಕಡೆ ನಿಧಾನ ಕಲಿಕಾರ್ಥಿ ಅಂತ ತಂದು ನಿಲ್ಲಿಸ್ತಾರೆ, ಪಾಪ, ಅವ್ರು ಸುಮ್ನೆ ಕಿಟಕಿ ನೋಡ್ತಾರೆ. ನಾಟಕ ಅಂತ ಗೊತ್ತಾಗಿಬಿಡುತ್ತೆ. ಆದ್ರೆ ಇಡೀ ತರಗತಿ ಐವತ್ನಾಲ್ಕು ಅಂತ ಹೇಳಿದ ಮೇಲೂ, ಅದನ್ನ ಕಿವಿಯಾರೆ ಕೇಳಿದ ಮೇಲೂ, ಇಷ್ಟು ಧೈರ್ಯವಾಗಿ ಐವತ್ತಾರು ಅನ್ನೋದಿದೆಯಲ್ಲ! ಬೋರ್ಡ್ ಮೇಲೆ ಬೇರೆ ತೋರಿಸ್ತೀನಿ ಅನ್ನೋದು! ಇದು ಅಸಲಿ. ಇಂಥವರನ್ನ ಕಾಲೇಜು ಕೈಬಿಡಬಾರದು.”

ಎಲ್ಲರೂ ಚಪ್ಪಾಳೆ ತಟ್ಟಿದರು. ದೀಪಿಕಾ ಕೈ ಎತ್ತಿದಳು, ಇನ್ನೂ ಏನೋ ಹೇಳುವುದಿತ್ತು. ಅಷ್ಟರಲ್ಲಿ ಪೀರಿಯಡ್ ಮುಗಿದ ಗಂಟೆ ಹೊಡೆಯಿತು. ಏನು ಹೇಳಬೇಕೆಂದಿದ್ದಳೋ ಅವಳಿಗೆ ಮರೆತುಹೋಯಿತು.

ಕಾಲೇಜಿಗೆ ಅತ್ಯುನ್ನತ ಶ್ರೇಣಿ ಸಿಕ್ಕಿತು. ಸಮಿತಿಯ ಶಿಫಾರಸಿನಂತೆ ‘ನಿಧಾನ ಕಲಿಕಾರ್ಥಿ’ ಎಂಬ ಖಾಯಂ ಹುದ್ದೆ ಸೃಷ್ಟಿಯಾಗಿ ದೀಪಿಕಾಳಿಗೆ ನೇಮಕಾತಿ ಪತ್ರ ಬಂತು. ಸಂಬಳ ಉಪನ್ಯಾಸಕರಿಗಿಂತ ತುಸು ಜಾಸ್ತಿ, ಏಕೆಂದರೆ ಉಪನ್ಯಾಸಕರು ಎಲ್ಲೆಲ್ಲೂ ಸಿಗುತ್ತಾರೆ. ವರ್ಷಕ್ಕೊಂದು ಬಡ್ತಿ ಇಲ್ಲ. ಬಡ್ತಿ ಕೊಟ್ಟರೆ ಹುದ್ದೆಯೇ ಉಳಿಯುವುದಿಲ್ಲ. ಒಂದು ಷರತ್ತಿತ್ತು, ಬಿ.ಎಡ್. ಪಾಸಾಗಿರಬಾರದು. ಅಂತಿಮ ಪಾಠ ಮಾಡದಿದ್ದುದರಿಂದ ದೀಪಿಕಾ ಆ ಅರ್ಹತೆಯನ್ನು ಪೂರೈಸಿದ್ದಳು.

ಅನನ್ಯಳ ಶಾಲೆಯವರು ಜೂನ್‌ವರೆಗೂ ಕಾದರು. ಆಮೇಲೆ ಗಣಿತಕ್ಕೆ ರಂಗನಾಥ್‌ನನ್ನು ತೆಗೆದುಕೊಂಡರು. ಪ್ರತಿಭಾವಂತ ಎಂದು ಅವನ ಸರ್ಟಿಫಿಕೇಟಿನಲ್ಲೇ ಇತ್ತು.

ಮಳೆಗಾಲ ಶುರುವಾದ ಒಂದು ಸಂಜೆ ಅನನ್ಯ ಮುಖ ಊದಿಸಿಕೊಂಡು ಬಂದು ಪುಸ್ತಕದ ಚೀಲ ಎಸೆದಳು. ದೀಪಿಕಾ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದಳು. ಪುಟ್ಟತಾಯಮ್ಮ ಹೂ ಕಟ್ಟುತ್ತಿದ್ದರು.

“ಅಮ್ಮಾ, ರಂಗನಾಥ್ ಸರ್ ನನ್ನ ಹಿಂದಿನ ಬೆಂಚಲ್ಲಿ ಕೂರ್ಸಿದ್ರು.”

“ಯಾಕಮ್ಮ?”

“ಏಳೆಂಟ್ಲ ಐವತ್ತಾರು ಅಂದೆ. ತಪ್ಪಂತೆ. ನಾಳೆ ಪೇರೆಂಟ್ಸ್ ಬರ್ಬೇಕಂತೆ. ನೀನೇ ತಾನೇ ಹೇಳ್ಕೊಟ್ಟಿದ್ದು? ಹೇಳು, ಐವತ್ತಾರು ತಾನೆ?”

ದೀಪಿಕಾ ಕಿಟಕಿಯ ಕಡೆ ನೋಡಿದಳು. ಆ ಅಡುಗೆಮನೆಯಲ್ಲಿ ಕಿಟಕಿ ಇರಲಿಲ್ಲ. ಇರಬೇಕಾಗಿದ್ದ ಗೋಡೆಯನ್ನು ನೋಡಿದಳು. ಕೈಯಲ್ಲಿ ಪೆನ್ನಿರಲಿಲ್ಲ, ದಂಟಿನ ಕಡ್ಡಿಯಿತ್ತು. ಅದನ್ನೇ ಕಚ್ಚಿದಳು.

“ಅಮ್ಮಾ!”

ಎರಡನೇ ಸಲ ಕೇಳಿದ್ದರಿಂದ ದೀಪಿಕಾ ಪಕ್ಕದಲ್ಲಿದ್ದ ಅತ್ತೆಯನ್ನು ನೋಡಿದಳು.

ಮರುದಿನ ಈ ಸುದ್ದಿ ಗುಬ್ಬಿಗೆ ಮುಟ್ಟಿದಾಗ ಲಕ್ಷ್ಮೀಕಾಂತ್ ಸರ್ ಕುಣಿದಾಡುವುದೊಂದು ಬಾಕಿ. ಬುದ್ಧಿ ಹುಟ್ಟಿನಿಂದ ಬರುತ್ತದೋ ಬೆಳೆಯುವ ಪರಿಸರದಿಂದ ಬರುತ್ತದೋ ಎಂಬುದು ಎರಡನೇ ಘಟಕದಲ್ಲಿ ಇತ್ಯರ್ಥವಾಗದೆ ಉಳಿದಿದ್ದ ಪ್ರಶ್ನೆ. ತಾಯಿ ಹೇಳಿದ ತಪ್ಪನ್ನೇ ಮಗಳೂ, ಅದೇ ಧೈರ್ಯದಲ್ಲಿ, ಬೇರೊಂದು ಊರಿನ ಬೇರೊಂದು ಶಾಲೆಯಲ್ಲಿ ಹೇಳಿದ್ದಾಳೆಂದ ಮೇಲೆ ಇನ್ನೇನು ಸಾಕ್ಷಿ ಬೇಕು? ಅನುವಂಶೀಯತೆ ಸಾಬೀತಾಯಿತು. ಪಾಠದಲ್ಲಿ ತಾಯಿ ಮಗಳ ಫೋಟೊ ಹಾಕಲು ತೀರ್ಮಾನವಾಯಿತು. ರೇವಣಸಿದ್ದಯ್ಯನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆದೇಶ ಹೊರಡಿಸಿದರು: ‘ಹಾಲಿ ನಿಧಾನ ಕಲಿಕಾರ್ಥಿಯು ನಿವೃತ್ತಿ ಹೊಂದಿದ ನಂತರ ಸದರಿ ಹುದ್ದೆಯನ್ನು ಅವರ ಮಗಳಾದ ಕು. ಅನನ್ಯ ಇವರಿಗೆ ಕಾಯ್ದಿರಿಸಲಾಗಿದೆ. ಅಲ್ಲಿಯವರೆಗೆ ಯಾರೂ ಆಕೆಗೆ ಏನನ್ನೂ ಕಲಿಸತಕ್ಕದ್ದಲ್ಲ.’

ಆದೇಶ ಕೈಗೆ ಬಂದ ಸಂಜೆ ಪುಟ್ಟತಾಯಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದರು. ಚನ್ನೇಶ್ ಶಿಫ್ಟ್‌ನಿಂದ ಬರುತ್ತ ಮೈಸೂರುಪಾಕು ತಂದ. ಕಮಲಮ್ಮ ಅನನ್ಯಳ ಗಲ್ಲ ಹಿಡಿದು ಲಟಿಕೆ ಮುರಿದರು.

“ಏನ್ ಪುಣ್ಯ ಮಾಡಿದ್ರೋ ಅಕ್ಕಾ. ನಮ್ ಹುಡುಗ ನೋಡಿ, ಎಲ್ಲಾದ್ರಲ್ಲೂ ಫಸ್ಟ್ ಬತ್ತಾನೆ. ಮುಂದೆ ಏನ್ ಗತಿಯೋ.”

“ಸುಮ್ಕಿರು ಕಮಲ, ಕೊರಗ್ಬೇಡ” ಎಂದರು ಪುಟ್ಟತಾಯಮ್ಮ. “ಇನ್ನೂ ಚಿಕ್ಕವ್ನು. ಆ ರಂಗನಾಥ್ ಮೇಷ್ಟ್ರ ಹತ್ರ ಟ್ಯೂಷನ್‌ಗೆ ಹಾಕು, ಸರಿ ಹೋಯ್ತಾನೆ.”